ಎಂಜಿನ್ ಮುಚ್ಚಳ ಮತ್ತು ಒಂದು ಕ್ವಿಂಟಾಲ್

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ತಂಗಿ ತನ್ನ ಅಣ್ಣನ ಬಲಹೆಗಲ ಮೇಲೆ, ಕಿವಿಯಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ಬಟಾಣಿ ಕಾಳಿನಷ್ಟಿದ್ದ ಮೈಕೊಂದನ್ನು ಪಿನ್ನು ಹಾಕಿ ಸಿಕ್ಕಿಸಿದಳು. ಅದರ ತಂತಿ ಅಣ್ಣನ ಸೊಂಟದಲ್ಲಿದ್ದ ಸಣ್ಣ ಪೆಟ್ಟಿಗೆಗೆ ಇಳಿದಿತ್ತು. ಪೆಟ್ಟಿಗೆಯ ಗಾಜಿನಲ್ಲಿ ಸದ್ದಿನ ಅಂಕಿ ಕಾಣುತ್ತಿತ್ತು.

"ಶರ್ಟು ಹೊಸದು ಕಣೇ, ತೂತು ಮಾಡ್ಬೇಡ," ಅಂದ ಅಣ್ಣ.

"ಹಳೇದು ಹಾಕ್ಕೊಂಡ್ ಬಾ ಅಂತ ನಿನ್ನೆನೇ ಹೇಳಿದ್ದೆ."

"ಫೋಟೋ ಏನಾದ್ರೂ ತೆಗೀತೀಯೇನೋ ಅಂದ್ಕೊಂಡೆ."

ಅಣ್ಣ ಹನ್ನೊಂದು ವರ್ಷದಿಂದ ಈ ಸರೋವರದ ಜಲಕ್ರೀಡೆಯ ಕ್ಲಬ್ಬಿನಲ್ಲಿ ವೇಕ್‌ಬೋರ್ಡಿಂಗ್ ದೋಣಿ ಓಡಿಸುತ್ತಿದ್ದ. ಹಲಗೆಗೆ ಕಾಲು ಬಿಗಿದುಕೊಂಡ ಆಟಗಾರ ಹಿಂದೆ ಹಗ್ಗ ಹಿಡಿದು ನಿಲ್ಲುತ್ತಾನೆ. ದೋಣಿ ಎಬ್ಬಿಸಿದ ಅಲೆಯನ್ನೇ ಮೆಟ್ಟಿಲು ಮಾಡಿಕೊಂಡು ಗಾಳಿಗೆ ಹಾರುತ್ತಾನೆ. ಅಲೆ ದೊಡ್ಡದಾಗಬೇಕಾದರೆ ದೋಣಿ ಭಾರವಾಗಿ ನೀರಿಗೆ ಕುಸಿದು ಕೂರಬೇಕು. ಅದಕ್ಕೆಂದೇ ದೋಣಿಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿದ್ದವು. ಅವುಗಳಿಗೆ ಸರೋವರದ ನೀರನ್ನೇ ತುಂಬುತ್ತಿದ್ದರು. ಅಷ್ಟು ಭಾರ ಹೊತ್ತು ಗಂಟೆಗೆ ಮೂವತ್ತೈದು ಕಿಲೋಮೀಟರ್ ಓಡುವಾಗ ಎಂಜಿನ್ನು ಸುಮ್ಮನೆ ಓಡುವುದಿಲ್ಲ, ಬೊಬ್ಬೆ ಹೊಡೆದುಕೊಂಡು ಓಡುತ್ತದೆ. ಹನ್ನೊಂದು ವರ್ಷದ ಬೊಬ್ಬೆ ಅಣ್ಣನ ಕಿವಿಯೊಳಗೇ ಮನೆ ಮಾಡಿಕೊಂಡಿತ್ತು. ದೋಣಿ ನಿಂತರೂ ಅವನಿಗೆ ಒಂದು ಸಿಳ್ಳು ಕೇಳುತ್ತಲೇ ಇರುತ್ತಿತ್ತು.

ಕಿವಿ ಡಾಕ್ಟರು ಜನವರಿಯಲ್ಲೇ ಹೇಳಿಬಿಟ್ಟಿದ್ದರು. ಈ ಕಿವಿಗೆ ದಿನಕ್ಕೆ ಎಂಟು ಗಂಟೆ ಎಂಬತ್ತು ಡೆಸಿಬೆಲ್ ಸದ್ದು, ಅದಕ್ಕಿಂತ ಹೆಚ್ಚು ಕೂಡದು. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ, ಹಾಗಾಗಿ ಹೊತ್ತು ಅರ್ಧ: ಎಂಬತ್ತಮೂರಕ್ಕೆ ನಾಲ್ಕು ಗಂಟೆ, ಎಂಬತ್ತಾರಕ್ಕೆ ಎರಡು. ಅಣ್ಣನ ಕೆಲಸ ದಿನಕ್ಕೆ ಐದು ಗಂಟೆ. ಐದು ಗಂಟೆಗೆ ಲೆಕ್ಕ ಹಾಕಿದರೆ ಎಂಬತ್ತೆರಡು ಬರುತ್ತಿತ್ತು. ಕಿವಿಗೆ ಏನನ್ನಾದರೂ ತುರುಕಿಕೊಂಡು ಓಡಿಸುವಂತಿಲ್ಲ. ಹಿಂದೆ ಬಿದ್ದವರ ಕೂಗು ಡ್ರೈವರಿಗೆ ಕೇಳಲೇಬೇಕೆಂಬುದು ಕ್ಲಬ್ಬಿನ ನಿಯಮ. ಆದ್ದರಿಂದ ಏಪ್ರಿಲ್ ಒಂದಕ್ಕೆ ಆಟದ ಕಾಲ ಶುರುವಾಗುವ ಮೊದಲು ದೋಣಿಯ ಸದ್ದನ್ನೇ ಎಂಬತ್ತೆರಡಕ್ಕೆ ಇಳಿಸಬೇಕು, ಇಲ್ಲವೇ ಅಣ್ಣ ಸ್ಟೀರಿಂಗ್ ಚಕ್ರ ಬಿಟ್ಟು ಏಳಬೇಕು. ಕ್ಲಬ್ಬಿನ ಒಡತಿ, ಎಲ್ಲರೂ ಮೇಡಂ ಎಂದು ಕರೆಯುತ್ತಿದ್ದವರು, ಇದನ್ನು ಅಷ್ಟೇ ಮಾತಿನಲ್ಲಿ ಹೇಳಿದ್ದರು.

ತಂಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವಳು. ಸದ್ದು ಅಳೆಯುವ ಪೆಟ್ಟಿಗೆ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಅಲ್ಲಿಂದಲೇ ತಂದದ್ದು. ಅವಳ ನೋಟುಪುಸ್ತಕದಲ್ಲಿ ಒಂಬತ್ತು ಕಾಲಂಗಳಿದ್ದವು: ತಾರೀಕು, ಹೊತ್ತು, ಗಾಳಿ, ನೀರಿನ ತಾಪ, ಪೆಟ್ರೋಲಿನ ಮಟ್ಟ, ತೊಟ್ಟಿಯ ನೀರು, ದೋಣಿಯಲ್ಲಿರುವವರ ತೂಕ, ವೇಗ, ಸದ್ದು. ಅವಳ ಕಣ್ಣು ತಪ್ಪಿಸಿ ಒಂದು ಸೊಳ್ಳೆ ದೋಣಿ ಹತ್ತುವಂತಿಲ್ಲ ಎಂದು ಅಣ್ಣ ಗೇಲಿ ಮಾಡುತ್ತಿದ್ದ.

ಆ ಮಂಗಳವಾರದ ಅಂಕಿ ೯೨.೩. ಡಾಕ್ಟರ ಲೆಕ್ಕದಲ್ಲಿ ಅದು ದಿನಕ್ಕೆ ಅರ್ಧ ಗಂಟೆಯ ಕೆಲಸವೂ ಅಲ್ಲ.

ರಿಪೇರಿ ಕೆಲಸ ಕ್ವಿಂಟಾಲನದು. ಅವನು ಕ್ಲಬ್ಬಿನ ಮೆಕ್ಯಾನಿಕ್. ಐದು ದೋಣಿಗಳಿಗೆ ಒಬ್ಬನೇ. ಸಾಮಾನು ತೂಗುವ ತಕ್ಕಡಿಯ ಮೇಲೆ ಒಮ್ಮೆ ಪಂದ್ಯ ಕಟ್ಟಿ ಅವನನ್ನು ನಿಲ್ಲಿಸಿದಾಗ ಮುಳ್ಳು ನೂರಾ ನಾಲ್ಕು ಕಿಲೋಗೆ ಹೋಗಿ ನಿಂತಿತ್ತು. ಅಂದಿನಿಂದ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ತಂಗಿ ಅವನನ್ನು ಮಾಮ ಎನ್ನುತ್ತಿದ್ದಳು. ಅವನು ಅವಳನ್ನು ಟೀಚರಮ್ಮ ಎನ್ನುತ್ತಿದ್ದ. ಅವಳು ಟೀಚರಲ್ಲ ಎಂದು ಎಷ್ಟು ಸಲ ಹೇಳಿದರೂ ಅವನ ತಲೆಗೆ ಹೋಗಿರಲಿಲ್ಲ.

ಕ್ವಿಂಟಾಲ್ ದೋಣಿ ಪರೀಕ್ಷಿಸುವ ಕ್ರಮ ಒಂದೇ. ಹಿಂಭಾಗದಲ್ಲಿ ಎಂಜಿನ್ನಿನ ಮೇಲೆ ಮಂಚದಷ್ಟು ಅಗಲದ ಮುಚ್ಚಳವಿತ್ತು. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದ.

"ಕಿವಿ ಸುಳ್ಳು ಹೇಳತ್ತೆ ಟೀಚರಮ್ಮ. ಕೂತ ಜಾಗ ಹೇಳಲ್ಲ. ಯಾವ ಬೋಲ್ಟು ಸಡಿಲ ಆದ್ರೂ ನಂಗಿಲ್ಲಿ ತಿಳಿಯತ್ತೆ," ಎಂದು ತನ್ನ ತೊಡೆ ತಟ್ಟಿ ತೋರಿಸುತ್ತಿದ್ದ.

ತಂಗಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಳು. ದಿನದ ಕೆಲಸದಲ್ಲಿ ಕ್ವಿಂಟಾಲ್ ದೋಣಿಯಲ್ಲಿರುವುದಿಲ್ಲ, ಪರೀಕ್ಷೆಯಲ್ಲಿ ಇರುತ್ತಾನೆ. ಆ ಹೆಚ್ಚುವರಿ ಭಾರದಿಂದ ದೋಣಿ ಹೆಚ್ಚು ಕುಸಿದು ಅಳತೆ ಕೆಡಬಾರದಲ್ಲ. ಅವನು ಹತ್ತಿದ ಪ್ರತಿ ಸಲವೂ ಹಿಂದಿನ ತೊಟ್ಟಿಯಿಂದ ನೂರಾ ನಾಲ್ಕು ಲೀಟರ್ ನೀರು ಹೊರಗೆ ಬಿಡಿಸುತ್ತಿದ್ದಳು. ಕಿಲೋಗೆ ಲೀಟರ್, ಸರಿಗೆ ಸರಿ. ಪುಸ್ತಕದಲ್ಲಿ ಆ ಕಾಲಂ ನೋಡಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿತವಾಗುತ್ತಿತ್ತು.

ಕೆಲಸ ಹದಿನೇಳು ದಿನ ನಡೆಯಿತು. ಎಂಜಿನ್ನು ಕೂತಿದ್ದ ರಬ್ಬರ್ ಗುಂಡುಗಳು ಕಲ್ಲಾಗಿದ್ದವು. ಅವನ್ನು ಬದಲಿಸಿದ್ದೇ ತಡ ಮೂರು ಡೆಸಿಬೆಲ್ ಇಳಿಯಿತು, ಕಾಲಡಿಯ ನಡುಕವೂ ನಿಂತಿತು. ಎಂಜಿನ್ ಗೂಡಿನ ಒಳಗೋಡೆಗೆ ದಪ್ಪ ಸ್ಪಂಜು ಅಂಟಿಸಿದರು. ಗಾಳಿ ಬರುವ ಕಿಂಡಿಯನ್ನು ಮುಚ್ಚದೆ, ಅದಕ್ಕೆ ಎರಡು ತಿರುವು ಕೊಟ್ಟು ಕೊಳವೆ ಜೋಡಿಸಿದರು. ನೆಲಕ್ಕೆ ಬೆರಳುದಪ್ಪದ ರಬ್ಬರ್ ಹಾಸು ಬಂತು. ನಡುವೆ ಒಂದು ಎಡವಟ್ಟೂ ಆಯಿತು. ದೋಣಿ ಎತ್ತಿ ಕುಕ್ಕುತ್ತದೆ ಎಂದು ಅಣ್ಣ ದೂರಿದ್ದನೆಂದು, ಕ್ವಿಂಟಾಲ್ ಯಾರನ್ನೂ ಕೇಳದೆ ಡ್ರೈವರನ ಸೀಟಿಗೆ ಅರ್ಧ ಅಡಿ ಮೆತ್ತನೆಯ ಸ್ಪಂಜು ಹಾಕಿಸಿಕೊಂಡು ಬಂದ.

ಅಣ್ಣ ಕೂತ. ಕೂತವನು ಕಾಣದಂತಾದ.

"ಇದೇನೋ ಕ್ವಿಂಟಾಲ್, ಸೀಟೋ ಬಾವಿಯೋ? ಒಂದು ಏಣಿ ಕೊಡು."

"ಮೆತ್ತಗಿದ್ಯೋ ಇಲ್ವೋ, ಅಷ್ಟು ಹೇಳು."

ಮೆತ್ತಗೇನೋ ಇತ್ತು. ಆದರೆ ಅಲೆಗೆ ದೋಣಿ ಎದ್ದು ಬಿದ್ದಾಗ ಸ್ಪಂಜು ಪೂರ್ತಿ ಅಮುಕಿಹೋಗಿ, ಅಣ್ಣನ ಬೆನ್ನಿನ ಬುಡ ಕೆಳಗಿನ ಹಲಗೆಗೇ ಹೋಗಿ ಬಡಿಯುತ್ತಿತ್ತು. ತಂಗಿ ಸೀಟಿನ ಕೆಳಗೆ ಅಲುಗಾಟ ಅಳೆಯುವ ಬಿಲ್ಲೆ ಇಟ್ಟು ನೋಡಿದಳು; ಹಳೆಯ ಸೀಟಿಗಿಂತ ಇದರ ಏಟೇ ಹೆಚ್ಚು. ಕೆಳಗೆ ಗಟ್ಟಿ ಪದರ, ಮೇಲೆ ಎರಡು ಬೆರಳಷ್ಟೇ ಮೆತ್ತನೆಯದು, ಸೀಟಿನ ಕಾಲಿಗೆ ರಬ್ಬರ್: ಹೀಗೆ ಮಾಡಿಸಿದ ಮೇಲೆ ಅಣ್ಣ ಮನೆಗೆ ಹೋಗಿ ಸೊಂಟ ಹಿಡಿದುಕೊಳ್ಳುವುದನ್ನು ಬಿಟ್ಟ.

ಮಾರ್ಚ್ ೨೯, ಶುಕ್ರವಾರ. ಮೂರು ಓಟ, ಮೂರರ ಸರಾಸರಿ ೮೧.೬. ಕ್ವಿಂಟಾಲ್ ಮುಚ್ಚಳದ ಮೇಲೆ ಕೂತಲ್ಲಿಂದಲೇ ಎರಡೂ ಕೈ ಎತ್ತಿ ಕುಣಿದ. ತಂಗಿ ಅಂಕಿಯನ್ನು ಕಾಗದಕ್ಕೆ ಇಳಿಸಿ ಸಹಿ ಹಾಕಿ ಕೊಟ್ಟಳು. ಡಾಕ್ಟರು ಅದನ್ನು ನೋಡಿ ಅಡ್ಡಿಯಿಲ್ಲವೆಂದು ಬರೆದರು, ಮೇಡಂ ಅದನ್ನು ಕಡತಕ್ಕೆ ಸೇರಿಸಿದರು, ಅಣ್ಣ ಏಪ್ರಿಲ್ ಒಂದರಿಂದ ಐದು ಗಂಟೆಯ ಕೆಲಸಕ್ಕೆ ಕೂತ.

ಏಪ್ರಿಲ್ ಹದಿನಾಲ್ಕರ ಭಾನುವಾರ ತಂಗಿ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಹಜಾರದಲ್ಲಿ ರೇಡಿಯೋ ಬರಿದೇ ಸುಯ್ಯೆನ್ನುತ್ತಿತ್ತು. ಯಾವ ಸ್ಟೇಷನ್ನೂ ಹಿಡಿದಿರಲಿಲ್ಲ.

"ಮುಳ್ಳು ಸರಿದಿದೆಯಲ್ಲ ಅತ್ತಿಗೆ, ತಿರುಗಿಸ್ಲಾ?"

"ಬೇಡ ಮಾರಾಯ್ತಿ, ಮುಟ್ಬೇಡ. ನಿಮ್ಮಣ್ಣನೇ ಇಟ್ಟಿರೋದು. ಆ ಸುಯ್ ಅನ್ನೋದ್ರಲ್ಲಿ ಕಿವಿಯೊಳಗಿನ ಸಿಳ್ಳು ಮುಚ್ಚಿಹೋಗತ್ತಂತೆ. ಮಾರ್ಚಲ್ಲಿ ಬಿಟ್ಟಿದ್ರು. ಈ ಹತ್ತು ದಿನದಿಂದ ಮತ್ತೆ ಶುರು."

"ಮತ್ತೆ ಅಂದ್ರೆ, ಮುಂಚಿನಷ್ಟೇನಾ?"

"ಮುಂಚಿನಷ್ಟಿಲ್ಲ. ಆದ್ರೂ ನಾನೇನಾದ್ರೂ ಕರೆದ್ರೆ ಮೂರನೇ ಸಲಕ್ಕೆ ತಿರುಗ್ತಾರೆ. ಮೊದಲ್ನೇ ಎರಡು ಸಲ ಗಂಡಸರ ಕಿವುಡು ಅಂತ ಬಿಟ್ಬಿಡು, ಮೂರನೇದು ಕಾಯಿಲೆ."

ತಂಗಿ ನಕ್ಕಳು. ಆದರೆ ಹೆಚ್ಚು ಹೊತ್ತು ಕೂರಲಿಲ್ಲ. ಮಾರ್ಚಿನಲ್ಲಿ ದೋಣಿ ರಿಪೇರಿಯಲ್ಲಿತ್ತು, ಅಣ್ಣನ ಕಿವಿಗೆ ಬಿಡುವಿತ್ತು. ಈಗ ಐದು ಗಂಟೆಯ ಕೆಲಸ. ೮೧.೬ ನಿಜವಾಗಿದ್ದರೆ ಸಿಳ್ಳು ಹೆಚ್ಚಬಾರದು.

ಮಾರನೆಯ ದಿನ ಅರ್ಧ ರಜೆ ಹಾಕಿ ಅವಳು ಪೆಟ್ಟಿಗೆಯೊಂದಿಗೆ ದೋಣಿ ಹತ್ತಿದಳು. ಆಟಗಾರರು ಬರಲು ಇನ್ನೂ ಒಂದು ಗಂಟೆಯಿತ್ತು. ಕ್ವಿಂಟಾಲ್ ಬೇರೆ ದೋಣಿಯ ಹೊಟ್ಟೆಯೊಳಗೆ ಮಲಗಿದ್ದ. ಅಣ್ಣ, ತಂಗಿ ಇಬ್ಬರೇ. ವೇಗ ಮೂವತ್ತೈದಕ್ಕೆ ಬಂದಾಗ ಪೆಟ್ಟಿಗೆಯಲ್ಲಿ ೮೬.೮ ಎಂದಿತ್ತು.

ಅವಳು ದೋಣಿ ನಿಲ್ಲಿಸಿ ಪೆಟ್ಟಿಗೆಗೆ ಮೊದಲೇ ಅಂಕಿ ಗೊತ್ತಿರುವ ಸದ್ದೊಂದನ್ನು ಕೊಟ್ಟು ಪರೀಕ್ಷಿಸಿದಳು. ಅದು ಸರಿಯಾಗಿತ್ತು. ಮತ್ತೆ ಓಡಿಸಿದರು. ೮೬.೯. ಗಾಳಿ ಅಷ್ಟೇ, ಪೆಟ್ರೋಲು ಅಷ್ಟೇ, ಕ್ವಿಂಟಾಲನ ಬದಲು ತೊಟ್ಟಿಯಲ್ಲಿ ನೂರಾ ನಾಲ್ಕು ಲೀಟರ್ ಇದೆ, ಭಾರವೂ ಅಷ್ಟೇ. ತಾರೀಕು ಬಿಟ್ಟರೆ ಪುಸ್ತಕದ ಮೊದಲ ಎಂಟು ಕಾಲಂಗಳೂ ಲೆಕ್ಕಕ್ಕೆ ಹೊಂದುತ್ತಿದ್ದವು. ಒಂಬತ್ತನೆಯದು ಮಾತ್ರ ಐದು ಡೆಸಿಬೆಲ್ ಹಾರಿ ಕೂತಿತ್ತು.

ಅವಳು ಹಿಂದೆ ಹೋಗಿ ಎಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಮುಚ್ಚಳ ನಡುಗುತ್ತಿತ್ತು. ಅವಳು ಅದರ ಮೇಲೆ ಕೂತಳು.

"ಅಣ್ಣಾ! ಎಷ್ಟಿದೆ ಓದು!"

"ಏನಂದೆ?"

"ಪೆಟ್ಟಿಗೆ ಓದೂ!"

"ಎಂಬತ್ನಾಲ್ಕು ಪಾಯಿಂಟ್ ಒಂಬತ್ತು!"

ಅವಳು ಎದ್ದಳು. "ಈಗ?"

"ಎಂಬತ್ತಾರು ಪಾಯಿಂಟ್ ಎಂಟು. ಏನು ಮಾಡ್ತಿದ್ದೀಯೇ ಅಲ್ಲಿ, ಕುರ್ಚಿ ಆಟಾನಾ?"

ಮತ್ತೆ ಕೂತಳು. ಅಂಕಿ ಮತ್ತೆ ಇಳಿಯಿತು. ಅವಳ ತೂಕ ಐವತ್ತೆರಡು ಕಿಲೋ, ಕ್ವಿಂಟಾಲನ ಸರೀ ಅರ್ಧ. ಅಣ್ಣ ವೇಗ ಇಳಿಸಿ ಹಿಂದಕ್ಕೆ ತಿರುಗಿ ನೋಡಿದ. ಮೊದಲು ಅವನಿಗೆ ನಗು ಬಂತು. ಹೆಗಲು ಅಲುಗುವಷ್ಟು ನಕ್ಕ. ನಗು ಮುಗಿಯುವ ಮೊದಲೇ ಅವನಿಗೂ ಅರ್ಥವಾಯಿತು.

ತಂಗಿ ಪುಸ್ತಕದ ಮೂಲೆಯಿಂದ ಕಾಗದದ ಪಟ್ಟಿಯೊಂದನ್ನು ಹರಿದು ಮುಚ್ಚಳ ಮತ್ತು ಚೌಕಟ್ಟಿನ ನಡುವೆ ತೂರಿಸಿದಳು. ಅಂಚಿನ ರಬ್ಬರ್ ಅದನ್ನು ಹಿಡಿಯಲಿಲ್ಲ; ಎಳೆದರೆ ಬೆಣ್ಣೆಯಿಂದ ಕೂದಲು ಬಂದಂತೆ ಬಂತು. ಗೂಡಿನ ಒಳಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರೂ ಸದ್ದು ಈ ಎಳೆಯಷ್ಟು ಕಿಂಡಿಯಿಂದ ಹೊರಗೆ ಬರುತ್ತಿತ್ತು. ಪರೀಕ್ಷೆಯ ಪ್ರತಿ ಓಟದಲ್ಲೂ ನೂರಾ ನಾಲ್ಕು ಕಿಲೋ ಅದನ್ನು ಅಮುಕಿ ಮುಚ್ಚಿತ್ತು. ಕ್ವಿಂಟಾಲನನ್ನು ಅವಳು ದೋಣಿಯ ಭಾರದ ಲೆಕ್ಕಕ್ಕೆ ಹಿಡಿದಿದ್ದಳು. ಮುಚ್ಚಳದ ಭಾರದ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಸರಿ ಹಾಗಾದ್ರೆ," ಅಂದ ಅಣ್ಣ. "ಕ್ವಿಂಟಾಲನ್ನ ದಿನಾ ಕೂರಿಸ್ಕೊಂಡ್ರಾಯ್ತು."

"ಅವನಿಗೆ ಇನ್ನೂ ನಾಲ್ಕು ದೋಣಿ ಇದೆ."

"ಚೀಲದಲ್ಲಿ ಮರಳು ತುಂಬಿ ಇಡೋಣ."

"ಆಟಗಾರರು ಹಲಗೆ ಕಟ್ಕೊಳ್ಳೋದು ಅಲ್ಲೇ ಅಲ್ವಾ? ಎರಡನೇ ದಿನಾನೇ ಯಾರಾದ್ರೂ ಪಕ್ಕಕ್ಕೆ ಎತ್ತಿಡ್ತಾರೆ. ಮುಚ್ಚಳಾನೇ ಬಿಗಿ ಮಾಡ್ಬೇಕು. ಮಾಡೋಣ. ಆದ್ರೆ ಮೊದಲು ಆ ಕಾಗದ ವಾಪಸ್ ತಗೋಬೇಕು."

"ಯಾವ ಕಾಗದ?"

"ನಾನು ಸಹಿ ಹಾಕಿದ್ದು."

ಅಣ್ಣ ಎಂಜಿನ್ ಆರಿಸಿದ. ದೋಣಿ ತಾನೇ ಎಬ್ಬಿಸಿದ ಅಲೆಯ ಮೇಲೆ ತೂಗಾಡಿತು.

"ನಿಂಗೇನು ತಲೆ ಕೆಟ್ಟಿದ್ಯಾ? ಸದ್ದಿಲ್ದೆ ಮುಚ್ಚಳ ಸರಿ ಮಾಡಿದ್ರೆ ಮುಗೀತಲ್ಲ. ಕಾಗದ ಅಲ್ಲಿರ್ಲಿ ಬಿಡು."

"ಸರಿ ಆಗತ್ತೆ ಅಂತ ಯಾರು ಹೇಳಿದ್ದು? ಎಂಬತ್ತೈದಕ್ಕೇ ನಿಂತ್ಬಿಟ್ರೆ?"

"ನಿಂತ್ರೆ ನಿಲ್ಲತ್ತೆ. ತೊಂಬತ್ತೆರಡಲ್ಲಿ ಹನ್ನೊಂದು ವರ್ಷ ಕಳ್ದಿದೀನಿ. ಮೇಡಂ ಹೊಸಬನ್ನ ತಂದು ಕೂರಿಸಿದ್ರೆ ನಾನೇನು ಮಾಡ್ಲಿ, ಗೇಟಲ್ಲಿ ಟಿಕೆಟ್ ಹರೀಲಾ? ಕಿವಿ ನಂದು ಕಣೇ."

"ಸಹಿ ನಂದು."

ಮತ್ತೆ ಎಂಜಿನ್ ಹಚ್ಚಿ ದೋಣಿಯನ್ನು ದಡಕ್ಕೆ ತಂದರು. ಹೆಗಲಿನ ಮೈಕನ್ನು ಅಣ್ಣ ತಾನೇ ಕಿತ್ತು ಅವಳ ಚೀಲದ ಮೇಲಿಟ್ಟು ಇಳಿದುಹೋದ.

ಮೇಡಂ ಕಚೇರಿಯಲ್ಲಿ ಜೀವರಕ್ಷಕ ಜಾಕೆಟ್ಟುಗಳ ಗುಂಡಿ ಪರೀಕ್ಷಿಸುತ್ತ ಕೂತಿದ್ದರು. ಒಂದು ಕಾಲದಲ್ಲಿ ಅವರೂ ಹಲಗೆಯ ಮೇಲೆ ಹಾರಿದವರೇ. ಬಲ ಮಂಡಿಗೆ ಈಗಲೂ ಪಟ್ಟಿ ಇರುತ್ತಿತ್ತು. ತಂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕಡತದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ನೀವೇ ಕೊಟ್ರಿ. ಈಗ ನೀವೇ ತಪ್ಪು ಅಂತೀರಿ. ಇನ್ನೊಂದು ತರ್ತೀರಿ, ಅದನ್ನ ಹೇಗೆ ನಂಬಲಿ?"

"ನಂಬ್ಬೇಡಿ. ನೀವೇ ದೋಣಿಗೆ ಬನ್ನಿ. ಪೆಟ್ಟಿಗೆ ನಿಮ್ಮ ಕೈಲೇ ಇರ್ಲಿ."

ಮೇಡಂ ಡಾಕ್ಟರಿಗೆ ಫೋನು ಹಚ್ಚಿ ಐದು ನಿಮಿಷ ಮಾತಾಡಿದರು. ಆಮೇಲೆ ಬೆರಳು ಮಡಚಿ ಹೇಳಿದರು. ಶುಕ್ರವಾರದವರೆಗೆ ಆ ದೋಣಿ ಶೆಡ್ಡಿನಲ್ಲಿರಲಿ. ಶುಕ್ರವಾರ ಅಳತೆ. ಎಂಬತ್ತೆರಡು ಅಥವಾ ಅದರೊಳಗೆ ಬಂದರೆ ಐದು ಗಂಟೆ, ಈಗಿರುವಂತೆ. ಎಂಬತ್ತೆರಡು ದಾಟಿ ಎಂಬತ್ತಮೂರರೊಳಗೆ ನಿಂತರೆ ನಾಲ್ಕು ಗಂಟೆ. ಸಂಜೆಯ ಕೊನೆಯ ಗಂಟೆ ಬೇರೆಯವರಿಗೆ. ಎಂಬತ್ತಮೂರು ದಾಟಿದರೆ ಚಕ್ರಕ್ಕೆ ಬೇರೆ ಡ್ರೈವರ್.

"ಮತ್ತೆ ಆ ಮೆಕ್ಯಾನಿಕ್ ದೋಣಿ ಹತ್ತಬಾರ್ದು," ಎಂದು ಸೇರಿಸಿದರು. "ದಡದಲ್ಲಿ ನಿಂತ್ಕೊಳ್ಳಲಿ. ನನ್ನ ಕಣ್ಣಿಗೆ ಕಾಣೋ ಹಾಗೆ."

ವಿಷಯ ತಿಳಿದ ಕ್ವಿಂಟಾಲ್ ಸ್ಪ್ಯಾನರ್ ಕೆಳಗಿಟ್ಟ.

"ಅಂದ್ರೆ ಇಷ್ಟು ದಿನ ಸೈಲೆನ್ಸರ್ ಆಗಿದ್ದು ನಾನಾ?"

"ಅರ್ಧ ನೀನು ಮಾಮ. ಉಳಿದರ್ಧ ಸ್ಪಂಜು."

"ಮೊದಲೇ ಹೇಳಿದ್ರೆ ಸ್ಪಂಜಿನ ಬದ್ಲು ಊಟ ಹಾಕ್ಸಬಹುದಿತ್ತಲ್ಲ."

ಮುಚ್ಚಳವನ್ನು ಬಿಚ್ಚಿ ಶೆಡ್ಡಿನ ಮೇಜಿನ ಮೇಲೆ ಮಗುಚಿ ಹಾಕಿದರು. ಅಣ್ಣನೂ ಬಂದ, ಬಂದು ಸ್ಕ್ರೂ ಹಿಡಿದುಕೊಂಡು ನಿಂತ, ಆದರೆ ತಂಗಿಯ ಜೊತೆ ಮಾತು ಬಿಟ್ಟಿದ್ದ. ಮೂರು ಅಡಿ ದೂರದಲ್ಲಿದ್ದವಳಿಗೆ ಹೇಳಬೇಕಾದ್ದನ್ನು ಕ್ವಿಂಟಾಲನ ಮೂಲಕ ಹೇಳಿಸುತ್ತಿದ್ದ.

"ಟೀಚರಮ್ಮಂಗೆ ಹೇಳು, ಅಂಟು ಒಣಗಕ್ಕೆ ಎರಡು ಗಂಟೆ ಬೇಕು ಅಂತ."

"ಟೀಚರಮ್ಮ, ಅಂಟು..."

"ಕೇಳಿಸ್ತು. ಒಂದೂವರೆ ಸಾಕು ಅಂತ ಡಬ್ಬದ ಮೇಲೆ ಬರ್ದಿದೆ ಅಂತ ಅವನಿಗೆ ಹೇಳು."

"ನಾನೇನು ಟಪಾಲು ಪೆಟ್ಟಿಗೇನಾ?" ಎಂದು ಕ್ವಿಂಟಾಲ್ ಗೊಣಗಿದ. ಗೊಣಗುತ್ತಲೇ ಎರಡೂ ಕಡೆಯ ಟಪಾಲು ಹಂಚಿದ.

ಹಳೆಯ ರಬ್ಬರ್ ಕಿತ್ತು, ಎರಡು ತುಟಿಯಿರುವ ಹೊಸ ರಬ್ಬರ್ ಕೂರಿಸಿದರು. ಮುಚ್ಚಳದ ಒಳಮೈಗೆ ಭಾರದ ಹಾಳೆ ಮೆತ್ತಿದರು. ಮೂರು ಬದಿಗೆ, ಎಳೆದು ಒತ್ತಿದರೆ ಬಿಗಿಯುವಂಥ ಆರು ಚಿಲಕಗಳು ಬಂದವು. ನಾಲ್ಕನೆಯ ಬದಿ ಕೀಲಿನದು. ಅಲ್ಲಿ ಚಿಲಕಕ್ಕೆ ಜಾಗವಿರಲಿಲ್ಲ. ಗುರುವಾರ ಮಧ್ಯಾಹ್ನ ತಂಗಿ ಸುತ್ತಲೂ ಇಪ್ಪತ್ತನಾಲ್ಕು ಕಡೆ ಕಾಗದದ ಪಟ್ಟಿ ತೂರಿಸಿ ಎಳೆದು ನೋಡಿದಳು. ಇಪ್ಪತ್ತೊಂದು ಕಡೆ ಕಾಗದ ಹರಿಯಿತೇ ಹೊರತು ಬರಲಿಲ್ಲ. ಕೀಲಿನ ಬದಿಯ ಮೂರು ಕಡೆ ಸಲೀಸಾಗಿ ಬಂತು.

ಕ್ವಿಂಟಾಲ್ ಕೀಲಿಗೆ ಟಾರ್ಚ್ ಹಿಡಿದು, ಹತ್ತಿರ ಬಾಗಿ ನೋಡಿದ. ಕೀಲು ನಡುವೆ ಬಾಗಿತ್ತು. ಎಷ್ಟೋ ವರ್ಷದಿಂದ ಒಂದೇ ಜಾಗದಲ್ಲಿ ಭಾರ ಬಿದ್ದಂತೆ.

"ಇದು..." ಅಂದವನು ಅಲ್ಲಿಗೇ ನಿಲ್ಲಿಸಿದ.

"ಹೌದು ಮಾಮ," ಅಂದಳು ತಂಗಿ.

ಕಿಂಡಿ ಬಿದ್ದದ್ದೂ ಅವನಿಂದಲೇ, ಅದನ್ನು ಮುಚ್ಚಿ ಕೂತಿದ್ದೂ ಅವನೇ. ಆ ಅಳತೆಯ ಹೊಸ ಕೀಲು ಒಂದು ತಿಂಗಳಾಗದೆ ಸಿಗುವಂತಿರಲಿಲ್ಲ. ಕ್ವಿಂಟಾಲ್ ಹಳೆಯದನ್ನೇ ಬಿಚ್ಚಿ, ಮೇಜಿನ ಇಕ್ಕಳದಲ್ಲಿ ಕಚ್ಚಿಸಿ ತಟ್ಟಿ ತಟ್ಟಿ ನೇರ ಮಾಡಿ, ಕೆಳಗೆ ತೆಳು ತಗಡು ಕೊಟ್ಟು ಕೂರಿಸಿದ. ಸಂಜೆಯ ಹೊತ್ತಿಗೆ ಮೂರರಲ್ಲಿ ಎರಡು ಕಡೆ ಕಾಗದ ನಿಂತಿತು. ಒಂದು ಕಡೆ ಇನ್ನೂ ಜಾರುತ್ತಿತ್ತು, ಆದರೆ ಸ್ವಲ್ಪ ಜಗ್ಗಾಡಿಯೇ ಬರುತ್ತಿತ್ತು.

ಶುಕ್ರವಾರ ಏಳು ಗಂಟೆಗೆ ಮೇಡಂ ಮಂಡಿ ಹಿಡಿದುಕೊಂಡು ದೋಣಿ ಹತ್ತಿ, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತರು. ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ತಂಗಿ ಪುಸ್ತಕಕ್ಕೆ ಹತ್ತನೆಯ ಕಾಲಂ ಒಂದನ್ನು ಗೆರೆ ಎಳೆದು ಸೇರಿಸಿದ್ದಳು: ಯಾರು, ಎಲ್ಲಿ ಕೂತಿದ್ದಾರೆ. ಹಿಂದಿನ ತೊಟ್ಟಿ ಪೂರ್ತಿ ತುಂಬಿತ್ತು. ದಡದ ಕಟ್ಟೆಯ ಮೇಲೆ ಕ್ವಿಂಟಾಲ್ ಕೈ ಕಟ್ಟಿಕೊಂಡು, ಯಾರ ಕಣ್ಣಿಗಾದರೂ ಕಾಣುವ ಹಾಗೆ ನಿಂತಿದ್ದ.

ಅವಳು ಮೈಕು ಸಿಕ್ಕಿಸುವಾಗ ಅಣ್ಣ ನಾಲ್ಕು ದಿನಗಳಲ್ಲಿ ಮೊದಲ ಸಲ ಅವಳತ್ತ ತಿರುಗಿ ನೇರವಾಗಿ ಮಾತಾಡಿದ.

"ಆ ಸಂಜೆ ಕೊನೇ ಗಂಟೆ ಇದ್ಯಲ್ಲ, ಬಿಸಿಲು ನೆಟ್ಟಗೆ ಕಣ್ಣಿಗೇ ಹೊಡ್ಯತ್ತೆ. ಕನ್ನಡೀಲಿ ಹಿಂದಿನವರು ಸರಿಯಾಗಿ ಕಾಣೋದೂ ಇಲ್ಲ."

"ಹೌದಾ? ಇಷ್ಟು ವರ್ಷ ಹೇಳೇ ಇಲ್ಲ."

"ನೀನು ಕೇಳೇ ಇಲ್ಲ."

ಮೇಡಂ ಕಿಟಕಿಯ ಗಾಜಿನಾಚೆ ನೋಡುತ್ತಿದ್ದರು. ಅಣ್ಣ ಎಂಜಿನ್ ಹಚ್ಚಿ, ದೋಣಿಯನ್ನು ಮೆಲ್ಲಗೆ ಕಟ್ಟೆಯಿಂದ ಬಿಡಿಸಿ, ತೆರೆದ ನೀರಿಗೆ ತಂದ. ಮೂವತ್ತೈದಕ್ಕೆ ವೇಗ ಏರಿಸಿ ಕದಲದಂತೆ ಹಿಡಿದ. ದೋಣಿ ಮೂತಿ ಎತ್ತಿ, ಹಿಂಭಾಗ ಕುಸಿದು, ದೊಡ್ಡ ಅಲೆಯನ್ನು ಹಿಂದೆ ಹರಡಿತು. ಒಂದು ಓಟ ಹೋಗಿ, ಒಂದು ಬಂದು, ಮತ್ತೊಂದು ಹೋದರು. ಪ್ರತಿ ಓಟಕ್ಕೂ ಮೇಡಂ ಅಂಕಿಯನ್ನು ಗಟ್ಟಿಯಾಗಿ ಓದಿದರು. ಅವರ ದನಿ ಹಿಂದಿನ ಸೀಟಿನಲ್ಲಿದ್ದ ತಂಗಿಗೆ ಸ್ಪಷ್ಟವಾಗಿ ಕೇಳಿಸಿತು. ೮೨.೯. ೮೨.೫. ೮೨.೭.

ತಂಗಿ ಕೂಡಿಸಿ ಮೂರರಿಂದ ಭಾಗಿಸಿದಳು. ಇನ್ನೊಮ್ಮೆ ಭಾಗಿಸಿದಳು. ಪುಸ್ತಕವನ್ನು ಮೇಡಂಗೆ ಕೊಟ್ಟಳು. ಅವರು ನೋಡಿ ಅಂಕಿಯ ಪಕ್ಕ 'ನಾಲ್ಕು ಗಂಟೆ' ಎಂದು ಬರೆದು ಸಹಿ ಹಾಕಿ, ಅಣ್ಣನ ಕೈಗೆ ದಾಟಿಸಿದರು. ಅವನು ಒಂದು ಕೈ ಚಕ್ರದ ಮೇಲೆ ಇಟ್ಟುಕೊಂಡೇ ಓದಿದ. ಡ್ರೈವರನ ಕಿವಿಯ ಬಳಿ, ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ, ತೊಟ್ಟಿಗಳು ತುಂಬಿ, ಮುಚ್ಚಳದ ಮೇಲೆ ಯಾರೂ ಇಲ್ಲದೆ: ೮೨.೭ ಡೆಸಿಬೆಲ್.